ಪೆಟಗಿ ಬಂತೇನ?

ನಮ್ಮ ಅಪ್ಪನಿಗೆ ಕಂಪ್ಯೂಟರ್ ಅಂದರೆ ‘ಪೆಟಗಿ’. ಟಿವಿಯೂ ಪೆಟಗಿನೇ, ಫ್ರಿಜ್ಜೂ ಪೆಟಗಿನೇ. ಆದರೆ ‘ನಿನ್ನ ಪೆಟಗಿ’ ಅಂದನೆಂದರೆ ಅದಕ್ಕೆ ಒಂದೇ ಅರ್ಥ. ಸಿಂದಗಿಯಿಂದ ನಾನು ಊರಿಗೆ ಹೋದಾಗೆಲ್ಲ (ಇಂಡಿ ಹತ್ತಿರದ ಸಣ್ಣ ಊರು ನಮ್ಮದು) ಕಟ್ಟೆಯ ಮೇಲೆ ಕೂತವನು ಚೀಲ ಕೆಳಗಿಡುವ ಮೊದಲೇ ಕೇಳುತ್ತಿದ್ದ.

“ಏನೋ ತಮ್ಮಾ, ಬಂತೇನ ನಿನ್ನ ಪೆಟಗಿ?”

“ಇನ್ನೂ ಇಲ್ಲಪ್ಪಾ. ನಿನ್ನ ಕಾಲಿವಿ ಬಂತೇನ?”

“ಬರತದ, ಬರತದ.”

ಇಬ್ಬರೂ ನಗುತ್ತಿದ್ದೆವು. ಅವ್ವ ಒಳಗಿನಿಂದ “ಅಪ್ಪಗ ತಕ್ಕ ಮಗ” ಅನ್ನುತ್ತಿದ್ದಳು. ಹೀಗೆ ಒಂದಲ್ಲ ಎರಡಲ್ಲ, ಹದಿಮೂರು ವರ್ಷ ನಡೆಯಿತು!

ಪೆಟಗಿ ಅಂದರೆ ಆಪಲ್ ಕಂಪನಿಯ ಮ್ಯಾಕ್ ಮಿನಿ. 2005ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯ ಮೇಲೆ ಸ್ಟೀವ್ ಜಾಬ್ಸ್ ಅದನ್ನು ಮೊದಲ ಸಲ ತೋರಿಸಿದರು. ಅದಾದ ಒಂದು ವಾರಕ್ಕೋ ಏನೋ ಬಿಜಾಪುರದ ಇಂಟರ್ನೆಟ್ ಸೆಂಟರಿನಲ್ಲಿ ಕೂತು ನಾನು ಅದರ ಚಿತ್ರ ನೋಡಿದೆ. (ಆಗಿನ್ನೂ ಬಿಜಾಪುರ, ವಿಜಯಪುರ ಆದದ್ದು 2014ರ ನವೆಂಬರ್ 1ಕ್ಕೆ.) ಆರೂವರೆ ಇಂಚು ಉದ್ದ, ಆರೂವರೆ ಇಂಚು ಅಗಲ, ಎರಡೇ ಇಂಚು ಎತ್ತರ. ನಮ್ಮ ಕಡೆಯ ಪೇಡೆ ಡಬ್ಬಿ ಇಷ್ಟೇ ಇರುತ್ತದೆ ನೋಡಿ! ಬೆಲೆ 499 ಡಾಲರ್, ಆಗಿನ ಲೆಕ್ಕಕ್ಕೆ ಹೆಚ್ಚುಕಡಿಮೆ 22 ಸಾವಿರ ರೂಪಾಯಿ. ಪರದೆ, ಕೀಬೋರ್ಡ್, ಮೌಸ್ ಎಲ್ಲ ನಿಮ್ಮದೇ ತಂದು ಹಚ್ಚಿಕೊಳ್ಳಿ, ಪೆಟ್ಟಿಗೆ ಮಾತ್ರ ನಾವು ಕೊಡುತ್ತೇವೆ ಅನ್ನುವ ವ್ಯವಹಾರ.

ನನಗೆ ಸಿಂದಗಿಯಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ ಇಂಥ ಕೆಲಸ. ಮೇಜಿನ ಕೆಳಗೆ ಮೊಣಕಾಲೆತ್ತರದ ಕ್ಯಾಬಿನೆಟ್ಟು, ಅದರ ಹೊಟ್ಟೆ ತುಂಬ ಕರಿಮಣ್ಣಿನ ಧೂಳು. ಬೇಸಿಗೆಯಲ್ಲಿ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿತ್ತು. ಕರೆಂಟು ಹೋದರೆ ಯುಪಿಎಸ್ಸು ಕುಂಯ್ ಕುಂಯ್ ಅಂತ ಐದು ನಿಮಿಷ ಅತ್ತು ಸುಮ್ಮನಾಗುತ್ತಿತ್ತು. ಅಂಥವನಿಗೆ ಸದ್ದಿಲ್ಲದ, ಕಡಿಮೆ ಕರೆಂಟು ಕುಡಿಯುವ, ಒಂದು ಸಣ್ಣ ಇನ್ವರ್ಟರ್ ಮೇಲೆ ತಾಸುಗಟ್ಟಲೆ ನಡೆಯುವಂಥ ಪೆಟ್ಟಿಗೆ ಸಿಕ್ಕರೆ ಹೇಗಿರುತ್ತದೆ, ನೀವೇ ಹೇಳಿ!

ಆದರೆ ನನಗೆ ಅದು ಬೇಕಾಗಿದ್ದದ್ದು ಅಂಗಡಿಗಷ್ಟೇ ಅಲ್ಲ. ಅಸಲು ಕಥೆ ಇರುವುದೇ ಅಲ್ಲಿ.

ಮುದ್ದೇಬಿಹಾಳದಲ್ಲಿ ನನ್ನ ಸೋದರಮಾವ ಮಾಸ್ತರಿಕೆ ಮಾಡುತ್ತಿದ್ದರು. 1987ರಲ್ಲಿ ಅವರೊಂದು ಟೂ ಇನ್ ಒನ್ ಕೊಂಡರು, ರೇಡಿಯೋ ಮತ್ತು ಟೇಪು ಒಂದೇ ಡಬ್ಬಿಯಲ್ಲಿ. ಬೇರೆಯವರು ಅದರಲ್ಲಿ ಸಿನಿಮಾ ಹಾಡು ಕೇಳಿದರೆ ಇವರು ಅದನ್ನು ಹೆಗಲಿಗೆ ಹಾಕಿಕೊಂಡು ಸೂಟಿಯಲ್ಲಿ ನೆಂಟರ ಊರು ತಿರುಗಿದರು. ಇಂಡಿ ಕಡೆ ನಮ್ಮ ಮನೆ, ಸಿಂದಗಿ ಕಡೆ ಅವರ ಹೆಂಡತಿಯ ತವರು, ಬಸವನ ಬಾಗೇವಾಡಿ ಹತ್ತಿರ ನಮ್ಮ ಆಯಿಯ ಮನೆ. ಹೋದಲ್ಲೆಲ್ಲ ಹಾಡುವವರನ್ನು ಕೂರಿಸಿ ಹಾಡಿಸಿದರು. ಬೀಸುವ ಪದ, ಕುಟ್ಟುವ ಪದ, ಸೋಬಾನ ಪದ, ಮೊಹರಂ ಸಮಯದ ರಿವಾಯತ ಪದ, ರಾಶಿ ಮಾಡುವಾಗಿನ ಹಂತಿ ಪದ. ಒಟ್ಟು 26 ಕ್ಯಾಸೆಟ್ಟು, ಒಂದೊಂದೂ ಒಂದು ತಾಸಿನದು. ಅದರಲ್ಲಿ ಒಂದು ಪೂರ್ತಿ ನಮ್ಮ ಆಯಿಯದು. ಆಯಿ 1991ರಲ್ಲಿ ತೀರಿಕೊಂಡಳು.

ನಮ್ಮ ಕಡೆಯ ಮಾಸ್ತರುಗಳಿಗೆ ಈ ಹುಚ್ಚು ಹೊಸದೇನಲ್ಲ. ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿ ನಿಮಗೆಲ್ಲ ಗೊತ್ತಿರಬೇಕು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ... ಹಲಸಂಗಿ ಗೆಳೆಯರು. ಹೆಣ್ಣುಮಕ್ಕಳು ಹಾಡುವುದನ್ನು ಕೇಳಿ ಬರೆದುಕೊಂಡು ‘ಗರತಿಯ ಹಾಡು’ ಅಂತ ಪುಸ್ತಕ ಮಾಡಿದವರು. ಮಾಮಾನ ಮನೆಯಲ್ಲಿ ಆ ಪುಸ್ತಕ ದೇವರ ಜಗುಲಿಯ ಪಕ್ಕದಲ್ಲೇ ಇರುತ್ತಿತ್ತು.

ನಾನು ಮ್ಯಾಕ್ ಮಿನಿಯ ಸುದ್ದಿ ಹೇಳಿದಾಗ ಮಾಮಾ ಕೇಳಿದ್ದು ಒಂದೇ ಮಾತು.

“ಇದರಾಗ ನಮ್ಮ ಕ್ಯಾಸೆಟ್ಟು ಇಳಸಾಕ ಬರ್ತೈತೇನೋ ಅಳ್ಯಾ?”

ಬರುತ್ತಿರಲಿಲ್ಲ. ಮೊದಲ ಮಿನಿಗೆ ಹೊರಗಿನ ಧ್ವನಿಯನ್ನು ಒಳಗೆ ತೆಗೆದುಕೊಳ್ಳುವ ತೂತೇ ಇರಲಿಲ್ಲ, ಹೊರಗೆ ಬಿಡುವುದು ಮಾತ್ರ. ಜೊತೆಗೆ ಕನ್ನಡವೂ ಇರಲಿಲ್ಲ. ನಾವೆಲ್ಲ ಬಯ್ದುಕೊಂಡೇ ಬಳಸುವ ವಿಂಡೋಸ್ ಎಕ್ಸ್‌ಪಿ 2001ರಲ್ಲೇ ತುಂಗಾ ಅಕ್ಷರ ಇಟ್ಟುಕೊಂಡು ಬಂದಿತ್ತು. ನುಡಿ, ಬರಹ ಎರಡೂ ವಿಂಡೋಸಿನ ಮನೆಯವು. ಹಾಡಿನ ಹೆಸರು, ಹಾಡಿದವರ ಹೆಸರು, ಊರು ಇಷ್ಟನ್ನಾದರೂ ಕನ್ನಡದಲ್ಲಿ ಬರೆಯಬೇಡವೇ?

“ಮುಂದಿನದು ಬರಲಿ ಮಾಮಾ, ತಗೊಳ್ಳೋಣ” ಅಂದೆ. ಮಾಮಾ ಕ್ಯಾಸೆಟ್ಟುಗಳನ್ನು ತಗಡಿನ ಟ್ರಂಕಿನಲ್ಲಿ ಹಾಕಿ ಮೇಲೆ ಎರಡು ಡಾಂಬರ ಗುಳಿಗೆ ಇಟ್ಟರು.

ಮುಂದಿನದು 2006ರ ಫೆಬ್ರವರಿ 28ಕ್ಕೆ ಬಂತು. ಇಂಟೆಲ್ ಚಿಪ್ಪು, ಧ್ವನಿಗೆ ಒಳದಾರಿಯೂ ಇತ್ತು! ಆದರೆ ಬೆಲೆ 599 ಡಾಲರ್‌ಗೆ ಏರಿತ್ತು, ಕನ್ನಡ ಇರಲಿಲ್ಲ. ಇರಲಿ, ಇನ್ನೊಂದು ನೋಡೋಣ. 2007ರ ಆಗಸ್ಟ್‌ನಲ್ಲಿ ಇನ್ನೊಂದು ಬಂತು, ಒಳಗಿನ ಚಿಪ್ಪು ಬದಲಾಗಿತ್ತು ಅಷ್ಟೇ. ಆಮೇಲೆ ಹತ್ತೊಂಬತ್ತು ತಿಂಗಳು ಸುದ್ದಿಯೇ ಇಲ್ಲ. ಮಿನಿಯನ್ನು ನಿಲ್ಲಿಸಿಬಿಡುತ್ತಾರಂತೆ ಅನ್ನುವ ಗಾಳಿಸುದ್ದಿ ಬೇರೆ. 2009ರ ಮಾರ್ಚ್‌ನಲ್ಲಿ ಹೊಸದು ಬಂದಾಗ ಸತ್ತವರು ಎದ್ದು ಬಂದಷ್ಟು ಖುಷಿಪಟ್ಟೆ. ಖುಷಿಪಟ್ಟೆ ಅಷ್ಟೇ, ಕೊಳ್ಳಲಿಲ್ಲ.

2010ರ ಜೂನ್‌ನಲ್ಲಿ ಮೈಯೆಲ್ಲ ಅಲ್ಯುಮಿನಿಯಮ್ಮಿನ ಚಪ್ಪಟೆ ಮಿನಿ ಬಂತು, 699 ಡಾಲರ್. ತುಟ್ಟಿಯಾಯಿತು ಅಂತ ಬಿಟ್ಟೆ. 2011ರ ಜುಲೈನಲ್ಲಿ ಬಂದದ್ದಕ್ಕೆ ಬೆಲೆ ಇಳಿದಿತ್ತು, ಜೊತೆಗೆ ಬಂದ ಲಯನ್ ಎಂಬ ಹೊಸ ಆವೃತ್ತಿಯಲ್ಲಿ ಕನ್ನಡದ ಅಕ್ಷರಗಳೂ ಬಂದಿದ್ದವು. ಒತ್ತಕ್ಷರ, ಅರ್ಕಾವತ್ತು ಎಲ್ಲ ಜಾಗದಲ್ಲೇ ಕೂತಿದ್ದವು. ಅಂದರೆ ಆರು ವರ್ಷದಿಂದ ಬೇಡಿದ ಎರಡೂ ವರ ಸಿಕ್ಕವು. ಆಗ ನಾನು ಹುಡುಕಿದ್ದೇನು ಗೊತ್ತೇ? ಸಿಡಿ ಹಾಕುವ ಸೀಳು ತೆಗೆದುಬಿಟ್ಟಿದ್ದಾರೆ ಅನ್ನುವ ಕೊರತೆ! “ನೆಂಟರಿಗೆಲ್ಲ ಹಾಡಿನ ಸಿಡಿ ಮಾಡಿ ಕೊಡೂದು ಹ್ಯಾಂಗ ಮಾಮಾ?” ಅಂದೆ. ಮಾಮಾ ಏನೂ ಅನ್ನಲಿಲ್ಲ.

2012ರ ಅಕ್ಟೋಬರ್‌ನಲ್ಲಿ ಬಂದದ್ದು ಎಲ್ಲದಕ್ಕಿಂತ ಒಳ್ಳೆಯದು. ನಾಲ್ಕು ಕೋರಿನ ಪ್ರೊಸೆಸರ್ ಸಿಗುತ್ತಿತ್ತು, ತಳದ ಮುಚ್ಚಳ ತಿರುಗಿಸಿದರೆ ರ‍್ಯಾಮ್ ನಾವೇ ಬದಲಾಯಿಸಬಹುದಿತ್ತು. ಆ ವರ್ಷ ಚುನಾವಣೆಯ ಕೆಲಸ ಹಿಡಿದು ಕೈಯಲ್ಲಿ ದುಡ್ಡೂ ಇತ್ತು. ಬೆಂಗಳೂರಿನ ಗೆಳೆಯನಿಗೆ ಫೋನು ಮಾಡಿ ವಿಚಾರಿಸಿಯೂ ಬಿಟ್ಟೆ. ಫೋನು ಇಟ್ಟ ಮೇಲೆ ತಲೆಯೊಳಗೆ ಅದೇ ಹಳೆಯ ಹುಳ. ಇದೇ ಇಷ್ಟು ಚೊಲೊ ಇದ್ದರೆ ಮುಂದಿನದು ಇನ್ನೆಷ್ಟು ಚೊಲೊ ಇರಬಹುದು? ಆ ದುಡ್ಡು ಅಂಗಡಿಯ ಹೊಸ ಶಟರಿಗೆ ಹೋಯಿತು.

ಮುಂದಿನದು 2014ರ ಅಕ್ಟೋಬರ್ 16ಕ್ಕೆ ಬಂತು. ನಾಲ್ಕು ಕೋರಿನದು ಮಾಯ. ರ‍್ಯಾಮನ್ನು ಬೋರ್ಡಿಗೇ ಬೆಸೆದುಬಿಟ್ಟಿದ್ದರು, ಕೊಳ್ಳುವಾಗ ಎಷ್ಟೋ ಅಷ್ಟೇ. ಎಲ್ಲ ಕೋರುಗಳೂ ದುಡಿಯಬೇಕಾದ ಕೆಲಸದಲ್ಲಿ ಹೊಸದು ಎರಡು ವರ್ಷದ ಹಿಂದಿನ ಅಣ್ಣನಿಗಿಂತ ನಿಧಾನ! ಬೆಲೆ ಮಾತ್ರ ಮತ್ತೆ 499ಕ್ಕೆ ಇಳಿದಿತ್ತು. ಜಗತ್ತಿನ ತುಂಬ ಜನ 2012ರ ಹಳೆಯ ಮಿನಿಯನ್ನು ಹುಡುಕಿ ಹುಡುಕಿ ಕೊಳ್ಳತೊಡಗಿದರು. ನಾನು ಆ ರಾತ್ರಿ ಅಂಗಡಿಯಲ್ಲೇ ತುಂಬ ಹೊತ್ತು ಕೂತಿದ್ದೆ. ಯಾರ ಮೇಲೆ ಸಿಟ್ಟು ಮಾಡುವುದು? ಎಲ್ಲೋ ಕ್ಯಾಲಿಫೋರ್ನಿಯಾದ ಕಂಪನಿಗೆ ಸಿಂದಗಿಯ ನಾನು ಒಂದು ರೂಪಾಯಿ ಮುಂಗಡವನ್ನೂ ಕೊಟ್ಟಿರಲಿಲ್ಲ. 2012ರಲ್ಲಿ ಕೈಗೆ ಬಂದದ್ದನ್ನು ಬಿಟ್ಟವನೂ ನಾನೇ.

ಅದೇ 2014ರ ಮಳೆಗಾಲದಲ್ಲಿ ನಮ್ಮ ಅಪ್ಪ ಅರವತ್ತು ಲಿಂಬಿ ಸಸಿ ಹಚ್ಚಿದ.

ಅಪ್ಪನ ಕಾಲುವೆಯ ಕಥೆ ಈಗ ಹೇಳಬೇಕು. ಆಲಮಟ್ಟಿ ನಮ್ಮ ಜಿಲ್ಲೆಯದೇ, ಹಿಂದೆ ಬಸವನ ಬಾಗೇವಾಡಿ ತಾಲ್ಲೂಕು, ಈಗ ನಿಡಗುಂದಿ ತಾಲ್ಲೂಕು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಲ್ಲಿ ಅಡಿಗಲ್ಲು ಇಟ್ಟರು, 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ನಡುವೆ ನಲವತ್ತೆರಡು ವರ್ಷ! ನಮ್ಮ ಜಿಲ್ಲೆಯ ಮಂದಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಹೊಲ ದಿಬ್ಬದ ಮೇಲಿನದು, ನೀರು ಬಂದರೂ ಕೊನೆಗೇ ಬರುವಂಥದ್ದು. ಅದು ಅಪ್ಪನಿಗೂ ಗೊತ್ತಿತ್ತು.

“ನೀರಿಲ್ಲದ ಲಿಂಬಿ ಹಚ್ಚತಿಯಲ್ಲಪ್ಪಾ, ಕಾಲಿವಿ ಬರಲಿ ತಡಿ” ಅಂದೆ ನಾನು.

“ಕಾಲಿವಿ ಬಂದ ಮ್ಯಾಲ ಹಚ್ಚಿದ್ರ ಕಾಯಿ ಬಿಡಾಕ ಮತ್ತ ನಾಕೈದು ವರ್ಷ ಬೇಕಲ್ಲೋ ತಮ್ಮಾ? ಕಾಲಿವಿ ಕಾಲಿವಿ ಪಾಡಿಗಿ ಬರಲಿ, ಗಿಡ ಗಿಡದ ಪಾಡಿಗಿ ಬೆಳಿಲಿ” ಅಂದ. ಕೊಳವೆಬಾವಿಯಲ್ಲಿ ಬರುವ ಬೆರಳಷ್ಟು ನೀರನ್ನು ಹನಿ ನೀರಾವರಿಯ ಪೈಪಿಗೆ ಹಚ್ಚಿದ. ಎರಡು ಬೇಸಿಗೆ ಟ್ಯಾಂಕರ್ ನೀರು ಹಾಕಿಸಿದ. ಅರವತ್ತರಲ್ಲಿ ಹದಿನಾಲ್ಕು ಒಣಗಿದವು.

ಇತ್ತ ನನ್ನದು ನಾಲ್ಕು ವರ್ಷದ ಬರಗಾಲ. 2015 ಇಲ್ಲ, 2016 ಇಲ್ಲ, 2017ರಲ್ಲಿ ಏಪ್ರಿಲ್‌ಗೊಮ್ಮೆ ಅಕ್ಟೋಬರ್‌ಗೊಮ್ಮೆ ಕಂಪನಿಯ ದೊಡ್ಡವರು ಮಿನಿಯನ್ನು ಮರೆತಿಲ್ಲ ಅನ್ನುವ ಅರ್ಥದ ಮಾತಾಡಿದರು, ಯಾವಾಗ ಅಂತ ಮಾತ್ರ ಹೇಳಲಿಲ್ಲ. ಮೃಗಶಿರಾದಲ್ಲಿ ಮೋಡ ಕವಿದು ಗಾಳಿ ಬೀಸಿ ಮುಂದಕ್ಕೆ ಹೋಗುತ್ತದಲ್ಲ, ಹಾಗೆ. ಪ್ರತಿ ಸಲ ಅವರ ಕಾರ್ಯಕ್ರಮ ನಮ್ಮ ರಾತ್ರಿ ಹತ್ತೂವರೆಯ ಸುಮಾರಿಗೆ ಶುರುವಾಗುತ್ತಿತ್ತು. ನಾನು ಊಟ ಮುಗಿಸಿ ಕೂತು, ಫೋನು ಗಡಿಯಾರ ಎಲ್ಲ ನೋಡಿ, ಮಿನಿ ಬರದೆ ಮಲಗುತ್ತಿದ್ದೆ. ಹೆಂಡತಿ ಮಗ್ಗಲು ಬದಲಿಸುತ್ತ “ಬರಲಿಲ್ಲೇನು? ಮಲಕೋರಿ ಇನ್ನ” ಅನ್ನುತ್ತಿದ್ದಳು.

ಕೊನೆಗೂ 2018ರ ಅಕ್ಟೋಬರ್ 30ಕ್ಕೆ ಬಂತು. ಬೂದಿ ಬಣ್ಣ, ಆರು ಕೋರಿನವರೆಗೂ ಪ್ರೊಸೆಸರ್, ರ‍್ಯಾಮ್ ಮತ್ತೆ ಬದಲಾಯಿಸುವಂಥದ್ದು. ನನ್ನ ಮೈ ಬೆವತಿತ್ತು. ಬೆಲೆ ನೋಡಿದೆ, 799 ಡಾಲರಿನಿಂದ ಶುರು. ಹಿಂಭಾಗದ ಚಿತ್ರ ನೋಡಿದೆ, ಧ್ವನಿಯ ಒಳದಾರಿ ತೆಗೆದುಬಿಟ್ಟಿದ್ದಾರೆ! ಸುತ್ತು ಹೊಡೆದು 2005ಕ್ಕೇ ಬಂದು ನಿಂತಿದ್ದೆ.

ಮುಂದಿನ ವಾರ ದೀಪಾವಳಿ. ಅಪ್ಪನ ಗಿಡಗಳು ಆ ವರ್ಷ ಮೊದಲ ಸಲ ಕೈತುಂಬ ಕಾಯಿ ಬಿಟ್ಟಿದ್ದವು. “ಮುದ್ದೇಬಿಹಾಳಕ ಹೋಗಿ ನಿಮ್ಮ ಮಾಮಾಗ ಕೊಟ್ಟು ಬಾ” ಅಂತ ಒಂದು ಚೀಲ ತುಂಬಿ ಕೊಟ್ಟ. ಬಸ್ಸಿನಲ್ಲಿ ತಾಳಿಕೋಟೆ ದಾಟುವವರೆಗೂ ಚೀಲ ತೊಡೆಯ ಮೇಲೇ ಇತ್ತು, ಅದರ ವಾಸನೆ ಮೂಗಿಗೆ ಹತ್ತುತ್ತಲೇ ಇತ್ತು. ಆಗ ಲೆಕ್ಕ ಹಾಕಿದೆ. ನಾನು 2014ರಿಂದ 2018ರವರೆಗೆ ಒಂದು ಪೆಟ್ಟಿಗೆ ಕಾದೆ. ಅಷ್ಟೇ ದಿನದಲ್ಲಿ, ಬರದ ನೀರನ್ನು ನಂಬದೆ, ನಲವತ್ತಾರು ಗಿಡ ಕಾಯಿ ಬಿಟ್ಟಿವೆ. ಅಪ್ಪನೂ ಕಾಯುತ್ತಿದ್ದ, ನಾನೂ ಕಾಯುತ್ತಿದ್ದೆ, ಇಬ್ಬರದೂ ಒಂದೇ ಅಂತ ನಗುತ್ತಿದ್ದೆವಲ್ಲ, ಒಂದೇ ಆಗಿರಲಿಲ್ಲ.

ಮಾಮಾನ ಮನೆಯಲ್ಲಿ ಚಹಾ ಕುಡಿದು ನಾನೇ ಕೇಳಿದೆ, “ಮಾಮಾ, ಟ್ರಂಕು ತೆಗೀರಿ.”

“ಬಂತೇನೋ ಪೆಟಗಿ?”

“ಪೆಟಗಿ ಹಾಳಾಗಿ ಹೋಗಲಿ, ಟ್ರಂಕು ತೆಗೀರಿ.”

26 ಕ್ಯಾಸೆಟ್ಟುಗಳನ್ನೂ ಸಿಂದಗಿಗೆ ತಂದೆ. ಅಂಗಡಿಯಲ್ಲಿ ಯಾರೂ ಮುಟ್ಟದ ಹಳೆಯ ಪಿಸಿ ಒಂದಿತ್ತು, 80 ಜಿಬಿ ಡಿಸ್ಕಿನದು. ಅದರ ಬೆನ್ನಿಗೆ ತಿಳಿನೀಲಿ ಬಣ್ಣದ ತೂತು ಇರುತ್ತದಲ್ಲ, ಅದೇ ಧ್ವನಿಯ ಒಳದಾರಿ. ಒಂದು ಹಳೆಯ ಟೇಪ್ ರೆಕಾರ್ಡರ್ ತಂದು ಅದರ ಇಯರ್‌ಫೋನ್ ತೂತಿನಿಂದ ಇಲ್ಲಿಗೆ ಒಂದು ವೈರು. ಆಡಾಸಿಟಿ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಅದು ಹುಟ್ಟಿದ್ದೇ 2000ದಲ್ಲಿ. ಒಂದು ತಾಸಿನ ಕ್ಯಾಸೆಟ್ಟು ಸಿಡಿ ಗುಣಮಟ್ಟದಲ್ಲಿ ಇಳಿಸಿದರೆ ಸುಮಾರು 635 ಎಂಬಿ. 26 ತಾಸು ಅಂದರೆ 17 ಜಿಬಿಯೊಳಗೇ ಮುಗಿಯುತ್ತದೆ. ಅಂದರೆ ಈ ಕೆಲಸವನ್ನು ಇದೇ ಪಿಸಿಯಲ್ಲಿ, ಇದೇ ವೈರಿನಲ್ಲಿ, 2005ರ ಯಾವ ಭಾನುವಾರ ಬೇಕಾದರೂ ಶುರು ಮಾಡಬಹುದಿತ್ತು. ನನಗೆ ಬೇಕಾಗಿದ್ದ ಯಂತ್ರ ಮೊದಲಿನಿಂದಲೂ ನನ್ನ ಕಾಲ ಬುಡದಲ್ಲೇ ಕೂತು ಫ್ಯಾನು ತಿರುಗಿಸುತ್ತಿತ್ತು.

ಕ್ಯಾಸೆಟ್ಟುಗಳು ಮಾತ್ರ ನನ್ನ ಹಾಗೆ ಕಾದಿರಲಿಲ್ಲ. ರೀಲಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಹತ್ತಿತ್ತು. ಕೆಲವು ಒಂದಕ್ಕೊಂದು ಅಂಟಿ, ಪೆನ್ಸಿಲ್ ಹಾಕಿ ತಿರುಗಿಸಿದರೆ ಪಟ್ ಅಂತ ಹರಿದವು. ಒಂಬತ್ತು ಪೂರ್ತಿ ಬಂದವು. ಆರು ಅಲ್ಲಲ್ಲಿ ಬಂದವು. ಹನ್ನೊಂದರಲ್ಲಿ ಬರೀ ಬುಸ್ ಅನ್ನುವ ಸದ್ದು. ಹಂತಿ ಪದ ಒಂದೂ ಉಳಿಯಲಿಲ್ಲ. ಆ ಹಾಡುಗಾರರಲ್ಲಿ ಈಗ ಯಾರೂ ಇಲ್ಲ.

ಆಯಿಯ ಕ್ಯಾಸೆಟ್ಟು ‘ಅಲ್ಲಲ್ಲಿ’ಯ ಪೈಕಿ. ಮೊದಲ ಮಗ್ಗಲು ಪೂರ್ತಿ ಹೋಗಿತ್ತು. ಎರಡನೆಯದರಲ್ಲಿ ಏಳು ನಿಮಿಷ. ಬೀಸುಕಲ್ಲಿನ ಗುರ್ರ್ ಸದ್ದು, ಬಳೆ ಸದ್ದು, ಹಿತ್ತಲಲ್ಲೆಲ್ಲೋ ಕರ ಒದರುವುದು, ಆಮೇಲೆ ಆಯಿ. ಹಾಡು ಶುರು ಮಾಡುವ ಮೊದಲು ಆಕೆ ಮಾಮಾನನ್ನು ಕೇಳುತ್ತಾಳೆ,

“ಹತ್ತೇತೇನೋ ಅದು? ನಾ ಸುಮ್ಮ ಹಾಡ್ಕೋತ ಕುಂತು, ನೀ ಆಮ್ಯಾಲ ಹತ್ತಿಲ್ಲ ಅಂದಿ ಅಂದ್ರ!”

ಆ ರಾತ್ರಿ ಅದೊಂದು ಮಾತನ್ನು ಎಷ್ಟು ಸಲ ಕೇಳಿದೆನೋ ಗೊತ್ತಿಲ್ಲ. ಮರುದಿನ ಫೋನಿನಲ್ಲಿ ಮಾಮಾನಿಗೆ ಕೇಳಿಸಿದೆ. ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. “ಏಳು ನಿಮಿಷರೆ ಸಿಕ್ಕಿತಲ್ಲೋ” ಅಂದರು ಆಮೇಲೆ. ಬಯ್ದಿದ್ದರೆ ಚೆನ್ನಾಗಿತ್ತು.

ಈಗ ಉಳಿದ ಕಥೆ. 2020ರ ನವೆಂಬರ್‌ನಲ್ಲಿ ಕಂಪನಿಯ ಸ್ವಂತ ಚಿಪ್ಪಿನ ಮಿನಿ ಬಂತು, 2023ರ ಜನವರಿಯಲ್ಲಿ ಅದರ ಮುಂದಿನದು. 2024ರ ಅಕ್ಟೋಬರ್ 29ಕ್ಕೆ ಬಂದದ್ದಂತೂ ಐದೇ ಇಂಚು ಅಗಲ, ಅಂಗೈ ಮೇಲೆ ಕೂರುವಂಥದ್ದು. ಮೊದಲ ಮಿನಿಗೆ 256 ಎಂಬಿ ರ‍್ಯಾಮ್ ಇತ್ತು, ಇದಕ್ಕೆ 16 ಜಿಬಿ, ಅಂದರೆ 64 ಪಟ್ಟು. ನಮ್ಮಲ್ಲಿ ಬಿಡುಗಡೆಯಾದಾಗಿನ ಬೆಲೆ 59,900 ರೂಪಾಯಿ. ಆನ್ ಮಾಡುವ ಗುಂಡಿಯನ್ನು ಹೊಟ್ಟೆಯ ಕೆಳಗೆ ಇಟ್ಟಿದ್ದಾರೆ ಅಂತ ಜಗತ್ತೆಲ್ಲ ನಕ್ಕಿತು. ಈ ಸಲ ನಾನು ಕೊರತೆ ಹುಡುಕಲಿಲ್ಲ. ಸುಮ್ಮನೆ ಕೊಂಡೆ. ಸದ್ದಿಲ್ಲ, ಬಿಸಿಯಿಲ್ಲ, ಕರೆಂಟು ಹೋದರೂ ಇನ್ವರ್ಟರ್ ಮೇಲೆ ತಣ್ಣಗೆ ನಡೆಯುತ್ತದೆ. 2005ರಲ್ಲಿ ನಾನು ಕನಸಿದ್ದು ಇದನ್ನೇ. ಈಗ ಇದರೊಳಗೆ ಹಾಕಲು ನನ್ನ ಹತ್ತಿರ ಇರುವುದು ಒಂಬತ್ತು ಪೂರ್ತಿ ಕ್ಯಾಸೆಟ್ಟು, ಆರು ಅರ್ಧಂಬರ್ಧ, ಅದರಲ್ಲಿ ಆಯಿಯ ಏಳು ನಿಮಿಷ.

ಊರಿಗೆ ಒಯ್ದು ಅಪ್ಪನಿಗೆ ತೋರಿಸಿದೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಾಗಿನಿಂದ ಅಪ್ಪನ ಗತ್ತೇ ಬೇರೆ ಆಗಿದೆ ಬಿಡಿ :) ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ.

“ಇದಾ ಏನ ಆ ಪೆಟಗಿ? ಇಷ್ಟ ಸಣ್ಣದಕ್ಕ ಇಷ್ಟ ವರ್ಷ ಕಾದೇನ?”

“ಹೂಂ ಅಪ್ಪಾ. ನಿನ್ನ ಕಾಲಿವಿ?”

“ಬರತದ, ಬರತದ” ಅಂದು ಎದ್ದು ಗಿಡದ ಕಡೆ ಹೋದ.

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಟ್ರಂಕು ಇರಬಹುದು. ಅದರಲ್ಲಿ ಕ್ಯಾಸೆಟ್ಟು ಇದ್ದರೆ, ಇರುವ ಪಿಸಿ, ಇರುವ ವೈರು, ಇರುವ ಭಾನುವಾರದಲ್ಲಿ ಇಳಿಸಿಬಿಡಿ. ಹೇಗೆ ಅಂತ ಕೇಳಿದರೆ ಗೊತ್ತಿದ್ದಷ್ಟು ಹೇಳುತ್ತೇನೆ. ಈ ಬರಹ ಟೈಪು ಮಾಡುವ ಮೊದಲು ನಾನು ಇನ್ನೊಂದು ಸಲ ಆ ಏಳು ನಿಮಿಷ ಹಾಕಿಕೊಂಡು ಕೂತಿದ್ದೆ. ಆಯಿ ಮತ್ತೆ ಕೇಳಿದಳು, ಹತ್ತೇತೇನೋ ಅದು? ಪರದೆಯ ಮೇಲೆ ಗೆರೆ ಮೇಲೆ ಕೆಳಗೆ ಆಡುತ್ತಿತ್ತು.

“ಹತ್ತೇತಿ ಆಯಿ, ಹಾಡು” ಅಂದೆ.